ಗುತ್ತಿಗೆದಾರನ ಖಾಕಿ

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಹರಿಹರದಲ್ಲಿ ಮೂಟೆ ಹೊತ್ತು ದುಡಿದೆ, ಗರಡಿಯಲ್ಲಿ ಮೈ ಬೆಳೆಸಿದೆ. ಐವತ್ತರ ದಶಕದ ಕೊನೆಗೆ ಒಬ್ಬ ಗುತ್ತಿಗೆದಾರ ನಮ್ಮಂಥ ಎಂಟು ಪೈಲ್ವಾನರನ್ನು ಆರಿಸಿ, ದಾವಣಗೆರೆಯ ಒಂದು ಬಟ್ಟೆ ಗಿರಣಿಯ ಗೇಟಿಗೆ ಕಾವಲು ಹಾಕಿದ. ಖಾಕಿ ಅಂಗಿ, ಚಡ್ಡಿ, ಬೆಲ್ಟು, ಲಾಠಿ ಎಲ್ಲ ಅವನವೇ.

ದಿನಾ ರೈಲಿನಲ್ಲಿ ಹೋಗುತ್ತಿದ್ದೆ. ತಪ್ಪದೆ ಪಾಸು ಮಾಡಿಸುತ್ತಿದ್ದೆ. ಆದರೆ ಖಾಕಿ ಕಂಡ ಟಿ.ಸಿ. ಒಮ್ಮೆಯೂ ಅದನ್ನು ಕೇಳಲಿಲ್ಲ. ಜನ ಎದ್ದು ಜಾಗ ಕೊಡುತ್ತಿದ್ದರು. ನಾನೂ ಸರ್ಕಾರದವನೇ ಅನ್ನಿಸಿಬಿಟ್ಟಿತ್ತು.

ಒಂದು ಬೆಳಿಗ್ಗೆ ಕಾರ್ಮಿಕರು ಮುಷ್ಕರ ಹೂಡಿ ಗೇಟಿಗೆ ಅಡ್ಡ ಕೂತರು.

"ಹೊಡೆದು ಎಬ್ಬಿಸ್ರಲೇ" ಎಂದ ಗುತ್ತಿಗೆದಾರ.

ಎದುರಿನ ಬೇವಿನ ಮರದಡಿ ಪೊಲೀಸರು ಸುಮ್ಮನೆ ನಿಂತಿದ್ದರು. ನಾನು ಅವರ ಸಬ್ ಇನ್ಸ್‌ಪೆಕ್ಟರ್ ಹತ್ತಿರ ಹೋದೆ.

"ಸಾಹೇಬ್ರೇ, ನೀವ್ಯಾಕ ಬರ್ತಿಲ್ರಿ?"

"ನಾವು ಲಾಠಿ ಎತ್ತಿದ್ರೆ ಮೇಲಿನೋರಿಗೆ ಜವಾಬು ಕೊಡಬೇಕಪ್ಪ. ನೀವು ಹೊಡೀರಿ, ನಾವು ನೋಡಿಲ್ಲ."

"ಯಾರಾದ್ರೂ ಸತ್ರೆ?"

"ಆಗ ನೋಡ್ತೀವಿ. ನಿನ್ನ ಹಿಡ್ಕೊಂಡು ಹೋಗ್ತೀವಿ" ಎಂದು ನಕ್ಕರು.

ತಿರುಗಿ ಬಂದೆ. ಮೊದಲ ಸಾಲಿನಲ್ಲೇ ನನಗೆ ಪಟ್ಟು ಕಲಿಸಿದ ವಸ್ತಾದರು ಕೂತಿದ್ದರು. ಹರಿಹರದ ಸಾಬರು, ಆ ಗಿರಣಿಯಲ್ಲೇ ಮಗ್ಗದ ಕೆಲಸ. ಅವತ್ತೂ ರೈಲಿನ ಒಂದೇ ಡಬ್ಬಿಯಲ್ಲಿ ಬಂದಿದ್ದೆವು.

ಕೈಗೆ ಕೈ ಕೊಟ್ಟು ಸಲಾಮಿ ಮಾಡದೆ ಯಾರ ಮೈಯನ್ನೂ ಮುಟ್ಟಬಾರದು, ಅದು ನಮ್ಮ ಗರಡಿಯ ಕಟ್ಟಳೆ. ವಸ್ತಾದರು ಕೂತಲ್ಲೇ ಚಿಟಿಕೆ ಮಣ್ಣು ತೆಗೆದು ಅಂಗೈಗೆ ಉಜ್ಜಿ ಕೈ ಚಾಚಿದರು.

"ಬಾರಲೇ ಪೈಲ್ವಾನ್, ಸಲಾಮಿ ಕೊಟ್ಟು ಹೊಡಿ. ಬೆಲ್ಟು ಕಟ್ಟಿ ಕಟ್ಟಿ ಹೊಟ್ಟೆ ಬಂದೈತೆ ನಿನಗೆ, ಎರಡು ಪಟ್ಟು ಹಾಕಿದ್ರೂ ತಾಳಂಗಿಲ್ಲ."

ಕೂತವರೆಲ್ಲ ನಕ್ಕರು. ಕೈ ಕೊಡಬೇಕಾದರೆ ಲಾಠಿ ಕೆಳಗಿಡಬೇಕಿತ್ತು. ಇಟ್ಟೆ. ಕೈ ಕೊಟ್ಟೆ. ಮತ್ತೆ ಲಾಠಿ ಎತ್ತಲಿಲ್ಲ.

"ನನ್ನ ಬಟ್ಟೆ ಬಿಚ್ಚಿಟ್ಟು ಹೋಗ್ಲೇ!" ಗುತ್ತಿಗೆದಾರ ಕೂಗಿದ.

ಅಲ್ಲೇ ಬಿಚ್ಚಿದೆ. ಒಳಗೆ ಗರಡಿಯ ಕಾಚ ಇತ್ತು. ಜೇಬಿನಿಂದ ಪಾಸು ತೆಗೆದುಕೊಂಡು, ಅಂಗಿ ಚಡ್ಡಿ ಮಡಚಿ ಲಾಠಿಯ ಪಕ್ಕ ಇಟ್ಟೆ. ಉಳಿದ ಏಳು ಜನ ನನ್ನ ಮುಖ ನೋಡಲಿಲ್ಲ, ಕೂತವರನ್ನು ಹೊಡೆಯಲೂ ಇಲ್ಲ. ವಸ್ತಾದರು ತಮ್ಮ ಟವೆಲ್ಲು ಹೊದಿಸಿದರು.

ಅದನ್ನೇ ಹೊದ್ದು ಹರಿಹರದ ರೈಲು ಹತ್ತಿದೆ. ಅದೇ ಟಿ.ಸಿ. ಬಂದರು.

"ಏಯ್, ಟಿಕೇಟು?"

ಪಾಸು ಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿ, ಆಮೇಲೆ ನನ್ನ ಮುಖ ನೋಡಿದರು.

"ಇಷ್ಟು ದಿನಾನೂ ಪಾಸು ಇತ್ತೇನು ನಿನ್ ತಾವ?"

"ಇತ್ರಿ. ನೀವು ಕೇಳ್ಲಿಲ್ಲ" ಅಂದೆ.