ಕೊನೆಯಿಂದ ಕಲಿಸುವ ಮಾನಮ್ಮ

ಮಾನಮ್ಮ ಯಾರಿಗೆ ಏನನ್ನು ಕಲಿಸುವುದಿದ್ದರೂ ಕೊನೆಯಿಂದ ಶುರು ಮಾಡುತ್ತಾಳೆ. ಅಂಗಿ ತೊಡುವುದನ್ನು ಕಲಿಸಬೇಕಾದರೆ ತೋಳು ತೂರಿಸುವುದು, ಗುಂಡಿ ಹಾಕುವುದು ಎಲ್ಲವನ್ನೂ ತಾನೇ ಮಾಡಿ, ಕಡೆಯ ಗುಂಡಿಯೊಂದನ್ನು ಮಾತ್ರ ಬಿಡುತ್ತಾಳೆ. ಅದನ್ನು ಕಲಿಯುವವರು ಹಾಕಬೇಕು. ಅದು ಸಲೀಸಾದ ಮೇಲೆ ಕಡೆಯ ಎರಡು, ಆಮೇಲೆ ಮೂರು. ಹೀಗೆ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಹೋಗಿ ಒಂದು ದಿನ ಇಡೀ ಅಂಗಿ ಅವರ ಕೈಗೆ ಬರುತ್ತದೆ. ಈ ಕ್ರಮದಲ್ಲಿ ಕೆಲಸ ಮುಗಿಸಿದ ಹಿಗ್ಗು ಮೊದಲ ದಿನವೇ ಕಲಿಯುವವರಿಗೆ ಸಿಗುತ್ತದೆ. ಮೊದಲಿನಿಂದ ಕಲಿಸಿದರೆ ಆ ಹಿಗ್ಗು ಬಹಳ ದಿನ ಕಲಿಸುವವಳ ಪಾಲಿಗೇ ಉಳಿಯುತ್ತದೆ.

ಶಹಾಪುರದ 'ಜೊತೆಹೆಜ್ಜೆ' ಸಂಸ್ಥೆಯಲ್ಲಿ ಇದು ಎಲ್ಲರಿಗೂ ಗೊತ್ತಿರುವ ಪದ್ಧತಿ. ಹುಟ್ಟಿನಿಂದ ಕಲಿಕೆ ನಿಧಾನವಾಗಿರುವ ಮಕ್ಕಳಿಗೆ ಅಲ್ಲಲ್ಲಿ ಶಾಲೆಗಳಿವೆ. ಶಾಲೆಯ ವಯಸ್ಸು ಮುಗಿದ ಮೇಲೆ ಅವರು ಮನೆಯ ಮೂಲೆಯೊಂದರಲ್ಲಿ ಕುಳಿತುಬಿಡುತ್ತಾರೆ. ಹಾಗೆ ಕುಳಿತವರನ್ನು ಎಬ್ಬಿಸಿ ಕೆಲಸ ಕಲಿಸಲೆಂದೇ ಈ ಹಗಲು ಕೇಂದ್ರ ಹುಟ್ಟಿತು. ಮಾನಮ್ಮ ಇಲ್ಲಿಗೆ ಬಂದದ್ದು ಅಡುಗೆಯವಳಾಗಿ.

ಅವಳ ತವರು ದೋರನಹಳ್ಳಿ. ರೊಟ್ಟಿ ಬಡಿಯುವುದನ್ನು ತಾಯಿ ಭೀಮಮ್ಮನಿಂದ ಕಲಿತಳು, ಅದೂ ಮೊದಲಿನಿಂದ. ಭೀಮಮ್ಮ ಜೋಳದ ಹಿಟ್ಟನ್ನು ಮುಂದಿಟ್ಟು "ಬಡಿ" ಎನ್ನುತ್ತಿದ್ದಳು. ರೊಟ್ಟಿ ಹರಿದರೆ, "ಇದನ್ನ ಎಮ್ಮಿನೂ ಮೂಸಂಗಿಲ್ಲ" ಎಂದು ಕೈಮೇಲೆ ಒಂದೇಟು. ಮುಂದೆ ಸಂಸ್ಥೆಯವರು ಅವಳನ್ನು ಕಲಬುರಗಿಗೆ ತರಬೇತಿಗೆ ಕಳಿಸಿದಾಗ, ಕೊನೆಯಿಂದ ಕಲಿಸುವ ಪದ್ಧತಿಯನ್ನು ಕೇಳಿ ಮಾನಮ್ಮ ತರಗತಿಯಲ್ಲೇ ಎದ್ದು ನಿಂತಳು. "ಸರ, ಇದನ್ನ ಆವಾಗ್ಲೇ ನಮ್ಮವ್ವಗ ಯಾರರ ಹೇಳಬಾರದಾಗಿತ್ತೇನ್ರಿ? ಎಷ್ಟು ಹೊಡತ ಉಳೀತಿದ್ವು!" ಎಂದಳು. ಮೇಷ್ಟ್ರೂ ಸೇರಿ ಎಲ್ಲರೂ ನಕ್ಕರು. ತರಬೇತಿಗೆ ಕಳಿಸಿದ್ದಕ್ಕೆ ಕಾರಣವಿತ್ತು. ಅಡುಗೆ ಮನೆಯ ಬಾಗಿಲಿಗೆ ಬಂದು ನಿಂತವರನ್ನು ಅವಳು ಆಚೆ ಕಳಿಸುತ್ತಿರಲಿಲ್ಲ. ಬೆಳ್ಳುಳ್ಳಿಯನ್ನೋ ಶೇಂಗಾವನ್ನೋ ಕೈಗೆ ಕೊಟ್ಟು ಕೂರಿಸಿಕೊಳ್ಳುತ್ತಿದ್ದಳು. ಸಂಸ್ಥೆಯ ಮುಖ್ಯಸ್ಥೆ ನಾಗಲಕ್ಷ್ಮಿ ಮೇಡಂ ಅದನ್ನು ಗಮನಿಸಿದ್ದರು.

ತರಬೇತಿ ಮುಗಿಸಿ ಬಂದು ಕೇಂದ್ರದಲ್ಲಿ ಅವಳು ಕಲಿಸಿದವರಲ್ಲೆಲ್ಲ ಅಯ್ಯಣ್ಣ ಅವಳ ಹೆಮ್ಮೆ. ಅವನನ್ನು ಅವನ ತಾಯಿ ಗೊಲ್ಲಾಳಮ್ಮ ಕೈಹಿಡಿದು ಕರೆತಂದಾಗ ಮೀಸೆ ಮೂಡುತ್ತಿದ್ದ ಹುಡುಗ. ಊಟದ ತುತ್ತನ್ನೂ ತಾಯಿಯೇ ಕಲಸಿ ಕೊಡಬೇಕಿತ್ತು. ಮಾನಮ್ಮ ಮೊದಲ ತಿಂಗಳು ಅವನಿಗೆ ಕೊಟ್ಟ ಕೆಲಸ ಒಂದೇ. ಬೆಂದ ರೊಟ್ಟಿಯನ್ನು ಹಂಚಿನಿಂದ ಎತ್ತಿ ಬುಟ್ಟಿಗೆ ಹಾಕುವುದು. ಆಮೇಲೆ ರೊಟ್ಟಿಯನ್ನು ಹಂಚಿನ ಮೇಲೆ ತಿರುವುವುದು. ಆಮೇಲೆ ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರುವುದು. ಬಡಿಯುವುದನ್ನು ಕಲಿಯಲು ವರ್ಷಗಳೇ ಹಿಡಿದವು. ಅದಕ್ಕೂ ಹಿಂದೆ ನಾದುವುದು, ಅದಕ್ಕೂ ಹಿಂದೆ ಹಿಟ್ಟು ಕಲೆಸುವ ನೀರು ಕಾಯಲು ಎಸರಿಡುವುದು. ಈಗ ಅವನು ಮೂವತ್ತರ ಹತ್ತಿರದ ಗಂಡಸು. ಅವನ ರೊಟ್ಟಿ ಅಂಚಿನಲ್ಲೂ ನಡುವಿನಲ್ಲೂ ಒಂದೇ ದಪ್ಪ. ಬಸ್‌ಸ್ಟ್ಯಾಂಡ್ ಹತ್ತಿರದ ಖಾನಾವಳಿಯವನು, "ಅಯ್ಯಣ್ಣನ ರೊಟ್ಟಿ ಇದ್ರ ಕೊಡ್ರಿ, ಇಲ್ಲಂದ್ರ ನಾಳಿ ಬರ್ತೀನಿ" ಎನ್ನುತ್ತಾನೆ.

ಈ ವರ್ಷ ಸಂಸ್ಥೆಗೆ ಇಪ್ಪತ್ತು ತುಂಬಿತು. ವಾರ್ಷಿಕೋತ್ಸವಕ್ಕೆ ತಿಂಗಳಿರುವಾಗ ನಾಗಲಕ್ಷ್ಮಿ ಮೇಡಂ ಮಾನಮ್ಮನನ್ನು ಕರೆದು ಸುದ್ದಿ ಹೇಳಿದರು. ಸುರಪುರದಲ್ಲಿ ಎರಡನೇ ಕೇಂದ್ರ ತೆರೆಯುತ್ತಿದೆ, ಅದರ ಮುಖ್ಯಸ್ಥೆ ನೀನು.

ಮಾನಮ್ಮ ಮನೆಗೆ ಹೋಗಿ ಹೇಳಿದಾಗ, ಗೂಡ್ಸ್ ಆಟೋ ಓಡಿಸುವ ಗಂಡ ಮರಿಲಿಂಗ ಕೈಕಾಲು ತೊಳೆಯುತ್ತಿದ್ದವನು ಹಾಗೇ ನಿಂತ.

"ಅಂದ್ರ ಇನ್ನ ನಿನಗ ಮೇಡಂ ಅನ್ನಬೇಕೇನು?"

"ಮನ್ಯಾಗ ಬ್ಯಾಡ. ಬಜಾರದಾಗ ಅಂದ್ರ ಸಾಕು."

ಅಡುಗೆ ಮನೆಯಿಂದ ಬಂದು ಒಂದು ಕೇಂದ್ರವನ್ನೇ ನಡೆಸುವವಳು ಆ ಸಂಸ್ಥೆಯಲ್ಲಿ ಅವಳೇ ಮೊದಲು. ಆ ವಾರವೆಲ್ಲ ಅವಳ ನಡಿಗೆಯೇ ಬೇರೆಯಾಗಿತ್ತು.

ಮುಂದಿನ ವಾರ ಕಟ್ಟಡ ನೋಡಲೆಂದು ಬೆಳಗಿನ ಬಸ್ಸಿಗೆ ಸುರಪುರಕ್ಕೆ ಹೋದಳು. ಕಿಟಕಿಗಳು ದೊಡ್ಡವಿದ್ದವು, ಒಲೆಗೆ ಜಾಗವಿತ್ತು. ಒಂದು ಬಾಗಿಲಿನ ಹೊಸ್ತಿಲು ಎತ್ತರವಿತ್ತು, ತಗ್ಗಿಸಲು ಹೇಳಿದಳು. ಸಂಜೆ ತಿರುಗಿ ಬಂದು ನೋಡಿದರೆ ಶಹಾಪುರದ ಕೇಂದ್ರದಲ್ಲಿ ಆ ದಿನ ಒಂದು ರೊಟ್ಟಿಯೂ ಆಗಿರಲಿಲ್ಲ. ಅಯ್ಯಣ್ಣ ಹಿಟ್ಟಿನ ಪರಾತದ ಮುಂದೆ ಕೈಕಟ್ಟಿ ಕುಳಿತಿದ್ದ. ಮಾನಮ್ಮನ ನಂತರ ಇಲ್ಲಿನ ಅಡುಗೆ ಮನೆಯ ಹೊಣೆ ಹೊರಬೇಕಾದ ಸಾಬೇರಾ ಪಕ್ಕದಲ್ಲಿ ಸೋತು ಕುಳಿತಿದ್ದಳು.

"ಮುಂಜಾನಿಂದ ಹಿಂಗೇ ಅಕ್ಕ. ಎಷ್ಟ್ ಸಮಜಾಯಿಸಿದ್ರೂ ಇಲ್ಲ. ಚಾ ಕೊಟ್ಟೆ, ಕುಡದ. ಊಟ ಕೊಟ್ಟೆ, ಉಂಡ. ಮತ್ತ ಬಂದು ಕುಂತ."

"ಯಾಕೋ ಅಯ್ಯಣ್ಣ?"

"ನೀ ಹೇಳಿಲ್ಲ, ಮಾನಕ್ಕ."

ಅವನ ಮುಖದಲ್ಲಿ ಹಟವಿರಲಿಲ್ಲ, ಸಿಟ್ಟಿರಲಿಲ್ಲ. ಇದ್ದ ಸಂಗತಿಯನ್ನು ಹೇಳಿದ್ದ, ಅಷ್ಟೆ. ದಿನಾ ಬೆಳಿಗ್ಗೆ ಒಲೆಯ ಬಳಿ ಬಂದು ಮಾನಮ್ಮ "ಹೂಂ ಅಯ್ಯಣ್ಣ, ನಡಿ" ಎನ್ನುತ್ತಿದ್ದಳು. ಆಮೇಲೇ ಅವನು ಎಸರಿಡಲು ಏಳುತ್ತಿದ್ದ. ಅವಳು ಬಾರದ ದಿನ ರೊಟ್ಟಿಯ ಕೆಲಸಕ್ಕೂ ರಜೆಯಿರುತ್ತಿತ್ತು.

ಮಾನಮ್ಮ ಗೋಡೆಯ ಮೇಲಿನ ಪಟ್ಟಿಯನ್ನು ನೋಡಿದಳು. ಪ್ರತಿ ಕೆಲಸಕ್ಕೂ ಅಲ್ಲಿ ಚಿತ್ರಗಳಿವೆ. ರೊಟ್ಟಿಯ ಸಾಲಿನಲ್ಲಿ ಎಸರಿನ ಪಾತ್ರೆಯೇ ಮೊದಲ ಚಿತ್ರ. ಅಲ್ಲಿಯವರೆಗೆ ಹಿಂದಕ್ಕೆ ಬಂದು, ಅಯ್ಯಣ್ಣನಿಗೆ ಎಲ್ಲವೂ ಬಂತು ಎಂದು ಎಲ್ಲರೂ ನಂಬಿದ್ದರು. ಎಸರಿಗಿಂತ ಹಿಂದೆ ಇನ್ನೊಂದಿತ್ತು. ಕೆಲಸವನ್ನು ತಾನಾಗಿ ಶುರು ಮಾಡುವುದು. ಅದು ಒಂದು ಹೆಜ್ಜೆಯೆಂದು ಯಾರಿಗೂ ಹೊಳೆದಿರಲಿಲ್ಲ. ಅದೊಂದನ್ನು ಮಾನಮ್ಮ ಅರಿಯದೆಯೇ ತನ್ನ ಬಳಿ ಇಟ್ಟುಕೊಂಡಿದ್ದಳು.

ಮರುದಿನ ಅವಳು ಮುಖ್ಯಸ್ಥೆಯ ಕೋಣೆಗೆ ಹೋಗಿ, "ಮೇಡಂ, ನಾ ಸುರಪುರಕ್ಕ ಹೋಗಂಗಿಲ್ರಿ" ಎಂದಳು. ನಡೆದದ್ದನ್ನು ಹೇಳಿದಳು.

ನಾಗಲಕ್ಷ್ಮಿ ಮೇಡಂ ಪೂರ್ತಿ ಕೇಳಿಸಿಕೊಂಡರು. "ನೀ ಇಲ್ಲೇ ಇದ್ರ ಏನಾಗ್ತದ? ದಿನಾ ಮುಂಜಾನಿ ನಡಿ ಅಂತಿ, ಅಂವ ನಡೀತಾನ. ಕಲತಂಗ ಆಯ್ತೇನು?"

"ನಾ ಹೋದ್ರ ಅಷ್ಟೂ ಇಲ್ಲಲ್ರಿ. ಅವನ ಕೈ ಕಟ್ಟಿ ಹೋಗಿ ನಾ ಅಲ್ಲಿ ಕುರ್ಚಿ ಮ್ಯಾಲ ಹೆಂಗ ಕುಂದರ್ಲಿ?"

"ಉಮಾ ಓದೋ ತನಕ ವ್ಯಾಳೆ ಅದ. ಅಲ್ಲಿ ತನಕ ವಿಚಾರ ಮಾಡು."

ಸಂಸ್ಥೆಯ ರೂಢಿ ಅದು. ವಾರ್ಷಿಕೋತ್ಸವದ ದಿನ ಸಿಬ್ಬಂದಿಯ ಸಮಾಚಾರವನ್ನು ಅಧಿಕಾರಿಗಳು ಓದುವುದಿಲ್ಲ. ಗಾಲಿಕುರ್ಚಿಯಲ್ಲಿ ಓಡಾಡುವ, ಪ್ರತಿ ಅಕ್ಷರವನ್ನೂ ಗಂಟಲಿನಿಂದ ಎಳೆದು ತರಬೇಕಾದ ಉಮಾ ಓದುತ್ತಾಳೆ. ಯಾರಿಗೆ ಮಗುವಾಯಿತು, ಯಾರ ಮದುವೆ, ಯಾರು ಹೊಸಬರು, ಯಾರಿಗೆ ಬಡ್ತಿ. ಓದಲು ಹೊತ್ತು ಹಿಡಿಯುತ್ತದೆ, ಯಾರೂ ಅವಸರ ಮಾಡುವುದಿಲ್ಲ. ಉಮಾ ಓದುವವರೆಗೆ ಯಾವ ಸುದ್ದಿಯೂ ಪಕ್ಕಾ ಅಲ್ಲ ಎನ್ನುವುದು ಅಲ್ಲಿಯವರ ಮಾತು.

ವಿಷಯ ಗೊಲ್ಲಾಳಮ್ಮನ ಕಿವಿಗೂ ಬಿತ್ತು. ಮಗನನ್ನು ಬಿಡಲು ಬಂದವಳು ಗೇಟಿನಲ್ಲೇ ಮಾನಮ್ಮನನ್ನು ಹಿಡಿದಳು.

"ನನ್ನ ಮಗನ ಸಲುವಾಗಿ ನಿಲ್ತೀನಿ ಅಂದಿಯಂತ. ಯಾರು ಕೇಳ್ಯಾರ ನಿನಗ?"

"ಅಂವಾ ಕೆಲಸ ಬಿಟ್ಟು ಕುಂತ್ರ ನಿನಗ ತ್ರಾಸ ಆಗ್ತದಲ್ಲ ಯವ್ವ."

"ಮೊದಲ ನಾ ಉಣ್ಣಸ್ತಿದ್ದೆ. ಈಗ ನೀ ಎಬ್ಬಸ್ತಿ. ನಾ ಹೋಗಾಕಿ, ನೀನೂ ಒಂದಿನ ಹೋಗಾಕಿ. ಆಮ್ಯಾಲ ಅವನ್ನ ಯಾರು ಎಬ್ಬಸ್ತಾರ, ಹೇಳು ತಂಗಿ."

ಮಾನಮ್ಮ ಅಯ್ಯಣ್ಣನ ಹಿಂದೆಯೇ ಅಡುಗೆ ಮನೆಗೆ ಹೋದಳು.

ಅಂದಿನಿಂದ ಆ ಒಂದು ಹೆಜ್ಜೆಯನ್ನು ಅವನಿಗೆ ಒಪ್ಪಿಸುವ ಪ್ರಯತ್ನ ಶುರುವಾಯಿತು. ತಲೆಗೆ ಬಟ್ಟೆ ಕಟ್ಟಿದ ತಕ್ಷಣ ಎಸರಿಡಬೇಕು ಎಂದು ರೂಢಿ ಮಾಡಿಸಲು ನೋಡಿದಳು. ಅಯ್ಯಣ್ಣ ಬಟ್ಟೆ ಕಟ್ಟಿಕೊಂಡು ಅವಳ ಮುಖ ನೋಡಿದ. ಮಾತಾಡದೆ ಬೆರಳಿನಿಂದ ಒಲೆ ತೋರಿಸಿದಳು. ಎದ್ದ. ಬೆರಳೂ ಅವಳದೇ ಆಗಿದ್ದರಿಂದ ಅದರಿಂದ ಏನೂ ಆಗಲಿಲ್ಲ. ಬಾಗಿಲ ಹಿಂದೆ ಮರೆಯಾಗಿ ನಿಂತರೆ ಹುಡುಕಿಕೊಂಡು ಬಂದು, "ಇಲ್ಲಿ ಅದೀಯೇನು?" ಎಂದು ನಕ್ಕ. ಸಾಬೇರಾ ಅವಳ ದನಿಯಲ್ಲೇ "ಹೂಂ, ನಡಿ" ಎಂದು ನೋಡಿದಳು.

"ಮಾನಕ್ಕನ ನಕಲ ಮಾಡ್ತಿ, ಸಾಬೇರಕ್ಕ" ಎಂದ ಅಯ್ಯಣ್ಣ.

ಖಾನಾವಳಿಯವನು ಬಂದು ನಿಂತಾಗೆಲ್ಲ ಮಾನಮ್ಮ ಸೋತು "ನಡಿ" ಎಂದುಬಿಡುತ್ತಿದ್ದಳು. ವಾರ್ಷಿಕೋತ್ಸವದ ಹಿಂದಿನ ದಿನ ಮಾತ್ರ ಬಾಯಿ ಬಿಗಿಹಿಡಿದಳು. ಆ ದಿನ ರೊಟ್ಟಿಯಾಗಲಿಲ್ಲ. ಸಂಜೆ ಅವಳು ಮೇಡಂಗೆ ಹೇಳಿದಳು: "ಉಮಾನ ಹಾಳ್ಯಾಗಿಂದ ನನ್ನ ಹೆಸರು ತಗಸ್ರಿ."

"ಉಮಾ ನಿನ್ನ ಮುಖ ನೋಡಿ ಓದ್ತಾಳ. ಬ್ಯಾಡ ಅನ್ನೂದನ್ನ ಅಕಿಗೇ ಹೇಳು" ಎಂದರು ಮೇಡಂ.

ವಾರ್ಷಿಕೋತ್ಸವದ ದಿನಕ್ಕೆ ಇನ್ನೊಂದು ರೂಢಿಯೂ ಇದೆ. ಆ ದಿನ ಸಿಬ್ಬಂದಿ ಅಡುಗೆ ಮನೆಗೆ ಕಾಲಿಡುವಂತಿಲ್ಲ. ಬಂದ ಕುಟುಂಬಗಳಿಗೆಲ್ಲ ಅನ್ನ ಸಾರು ಹೊರಗಿನಿಂದ ಬರುತ್ತದೆ. ಸಿಬ್ಬಂದಿಯ ಸಾಲಿಗೆ ಮಾತ್ರ ಕಲಿಯುವವರೇ ಬಿಸಿ ರೊಟ್ಟಿ, ಪಲ್ಯ ಮಾಡಿ ತಂದು ಬಡಿಸುತ್ತಾರೆ. ಒಲೆಯ ಕಾವಲಿಗೆ ತಾಯಂದಿರಲ್ಲಿ ಒಬ್ಬರು ಒಳಗಿರುತ್ತಾರೆ, ಬೆಂಕಿಯ ಮಾತು ಬಿಟ್ಟು ಬೇರೆ ಮಾತಾಡುವಂತಿಲ್ಲ. ಹಿಂದಿನ ವರ್ಷಗಳಲ್ಲಿ ಮಾನಮ್ಮ ಆ ಬೆಳಿಗ್ಗೆ ಹೊಸ್ತಿಲ ಆಚೆಯಿಂದಲೇ "ನಡಿ" ಎಂದು ಹೇಳಿ ಬರುತ್ತಿದ್ದಳು, ಈ ಸಲ ಹೇಳಿರಲಿಲ್ಲ. ಈ ಸಲ ಕಾವಲಿಗೆ ಕುಳಿತವಳು ಭೀಮಾಬಾಯಿ. ಅವಳ ಮಗಳು ಮಲ್ಲೇಶ್ವರಿ ಕೇಂದ್ರಕ್ಕೆ ಹೊಸಬಳು. ಇನ್ನೂ ಮೊದಲ ತಿಂಗಳ ಪಾಠ, ಹಂಚಿನಿಂದ ರೊಟ್ಟಿ ಎತ್ತಿ ಬುಟ್ಟಿಗೆ ಹಾಕುವುದು.

ಅಂಗಳದ ಶಾಮಿಯಾನದ ಕೆಳಗೆ ಜನ ತುಂಬಿದ್ದರು. ಯಾದಗಿರಿಯಿಂದ ಬಂದ ಅತಿಥಿಗಳು ಮಾತಾಡಿದರು, ಚಪ್ಪಾಳೆಯಾಯಿತು. ಮಾನಮ್ಮನಿಗೆ ಒಂದು ಮಾತೂ ತಲೆಗೆ ಹೋಗಲಿಲ್ಲ. ಅವಳ ಕಿವಿ ಅಡುಗೆ ಮನೆಯ ಕಿಟಕಿಯಲ್ಲಿತ್ತು. ರೊಟ್ಟಿ ಬಡಿಯುವ ಸದ್ದು ಅಂಗಳಕ್ಕೆಲ್ಲ ಕೇಳುವಂಥದ್ದು. ಅದು ಕೇಳುತ್ತಿರಲಿಲ್ಲ.

ಉಮಾ ಓದಲು ಶುರು ಮಾಡಿದಳು. ಲೆಕ್ಕ ಬರೆಯುವ ಹುಲಗಪ್ಪನಿಗೆ ಅವಳಿ ಮಕ್ಕಳು. "ಎರಡೂ... ಅವನಂಗ... ಬೋಳುತಲಿ" ಎಂದು ಹಾಳೆಯಲ್ಲಿಲ್ಲದ ಮಾತನ್ನೂ ಸೇರಿಸಿದಳು. ಜನ ನಕ್ಕರು. ಇನ್ನಿಬ್ಬರ ಸುದ್ದಿಯಾಯಿತು. ಆಮೇಲೆ ಉಮಾ ನಿಲ್ಲಿಸಿ ಮಾನಮ್ಮನ ಕಡೆ ನೋಡಿದಳು.

"ಮಾನಕ್ಕ... ಓದ್ಲ್ಯಾ?"

ಮಾನಮ್ಮ ಎದ್ದು ನಿಂತಳು. ಒಳಗೆ ಹೋಗಿ ಒಂದು ಮಾತು ಹೇಳಿ ಬಂದರೆ ಇವತ್ತಿನ ಊಟವಾದರೂ ನಡೆಯುತ್ತದೆ. ಹಿಂದೆ ಕುಳಿತಿದ್ದ ಗೊಲ್ಲಾಳಮ್ಮ ಅವಳ ಸೆರಗು ಹಿಡಿದು ಜಗ್ಗಿದಳು.

"ಕುಂದ್ರು."

"ಯವ್ವ, ಬಿಡು..."

"ಕುಂದ್ರಂದೆ. ರೊಟ್ಟಿ ಇಲ್ಲಂದ್ರ ಬರೀ ಅನ್ನ ಉಣ್ಣು. ಸಾಯಂಗಿಲ್ಲ."

ಮಾನಮ್ಮ ಕೂರಲೂ ಆರದೆ ನಿಲ್ಲಲೂ ಆರದೆ ಇದ್ದಾಗ ಕಿಟಕಿಯಿಂದ ಒಂದು ದನಿ ಬಂತು. ಒರಟು ದನಿ, ಅದರಲ್ಲಿ ತುಸು ಗತ್ತು.

"ಹೂಂ ಮಲ್ಲಿ, ನಡಿ!"

ಪಾತ್ರೆಗೆ ನೀರು ಬಿದ್ದ ಸದ್ದು. ಎಸರು ಕುದಿದು ಹಿಟ್ಟು ನಾದುವಷ್ಟು ಹೊತ್ತು ಉಮಾ ಹಾಳೆ ಹಿಡಿದು ಕಾದಳು. ಆಮೇಲೆ ಪಟಪಟನೆ ರೊಟ್ಟಿ ಬಡಿಯುವ ಸದ್ದು ಶುರುವಾಯಿತು.

ಒಳಗೆ ನಡೆದದ್ದನ್ನು ಭೀಮಾಬಾಯಿ ಆಮೇಲೆ ಹೇಳಿದಳು. ಅಯ್ಯಣ್ಣ ಬಾಗಿಲು ನೋಡುತ್ತ ಕುಳಿತಿದ್ದನಂತೆ. ಮಲ್ಲೇಶ್ವರಿ ಖಾಲಿ ಬುಟ್ಟಿ ಹಿಡಿದು ಅವನ ಎದುರು ನಿಂತೇ ಇದ್ದಳು. ಕಡೆಗೆ, "ರೊಟ್ಟಿ ಇಲ್ಲ, ನಾ ಏನ್ ಮಾಡ್ಲಿ?" ಎಂದು ಅಳಲು ಶುರು ಮಾಡಿದಳು. ಅವಳಿಗೆ ಬರುತ್ತಿದ್ದುದು ಕಡೆಯ ಹೆಜ್ಜೆ ಒಂದೇ. ಅದಕ್ಕೆ ಹಿಂದಿನ ಎಲ್ಲವನ್ನೂ ಬೇರೆ ಯಾರೋ ಮಾಡಿಕೊಡಬೇಕು. "ಅಂವ ಆ ಕಡಿ ನೋಡಿದ, ಈ ಕಡಿ ನೋಡಿದ. ಯಾರೂ ಇಲ್ಲ. ನನ್ನ ಕಡಿ ನೋಡಿದ, ನಾ ಬಾಯಿ ಮುಚಕೊಂಡು ಕುಂತಿದ್ದೆ. ಮತ್ತ ಎದ್ದು ಅಕಿಗೆ ಹುಕುಂ ಮಾಡಿ ತಾನೇ ಎಸರಿಟ್ಟ ನೋಡ್ರಿ."

ಉಮಾ ಇನ್ನೂ ಮಾನಮ್ಮನನ್ನೇ ನೋಡುತ್ತಿದ್ದಳು. ಮಾನಮ್ಮ ಕುಳಿತು, "ಓದವ್ವ" ಎಂದಳು. ಆ ಒಂದು ವಾಕ್ಯ ಓದಿ ಮುಗಿಸಲು ಉಮಾಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಅಂಗಳದಲ್ಲಿ ಬೇರೆ ಮಾತಿರಲಿಲ್ಲ, ರೊಟ್ಟಿಯ ಸದ್ದು ಮಾತ್ರ ಇತ್ತು. ಕಡೆಗೆ "ಸುರಪುರ ಕೇಂದ್ರದ... ಮುಖ್ಯಸ್ಥೆ" ಎಂಬಲ್ಲಿಗೆ ಬಂದಾಗ ಮರಿಲಿಂಗ ಹಿಂದಿನ ಸಾಲಿನಿಂದ ಸಿಳ್ಳೆ ಹಾಕಿದ. ನಾಗಲಕ್ಷ್ಮಿ ಮೇಡಂ ತಿರುಗಿ ನೋಡಿದ ಮೇಲೂ ಇನ್ನೊಂದು ಹಾಕಿದ.

ಸಿಬ್ಬಂದಿ ಸಾಲಾಗಿ ಊಟಕ್ಕೆ ಕುಳಿತರು. ಮಲ್ಲೇಶ್ವರಿ ಬುಟ್ಟಿ ಹಿಡಿದು ಮುಂದೆ, ಅಯ್ಯಣ್ಣ ಬಡಿಸುತ್ತ ಹಿಂದೆ. ಮಾನಮ್ಮನ ತಟ್ಟೆಯ ಮುಂದೆ ಬಂದು ನಿಂತ. ಅವನ ಗಲ್ಲಕ್ಕೆ ಹಿಟ್ಟು ಹತ್ತಿತ್ತು.

"ನೀ ಸುರಪುರಕ್ಕ ಹೋಗ್ತೀಯಂತ?"

"ಹೂಂ. ಸೋಮವಾರ."

ಅವನು ಬುಟ್ಟಿಗೆ ಕೈ ಹಾಕಿದ. "ಅಲ್ಲಿ ರೊಟ್ಟಿ ಯಾರು ಮಾಡ್ತಾರ?"

"ಇನ್ನೂ ಯಾರಿಗೂ ಬರಂಗಿಲ್ಲ. ಕಲಸಬೇಕು."

"ತಡ ಆಗ್ತದ" ಎಂದ ಅಯ್ಯಣ್ಣ, ಬಲ್ಲವನಂತೆ. ಎರಡು ರೊಟ್ಟಿ ತಟ್ಟೆಗೆ ಹಾಕಿದ. "ಬರೋಬರಿ ಕಲಸು."

"ಹೂಂನಪ್ಪ" ಎಂದಳು ಮಾನಮ್ಮ. ಅವನು ಆಗಲೇ ಪಕ್ಕದವರ ತಟ್ಟೆಗೆ ಹೋಗಿದ್ದ. ಒಲೆಯ ಮೇಲೆ ಹಂಚು ಕಾಯುತ್ತಿತ್ತು, ಅವನಿಗೆ ನಿಂತು ಮಾತಾಡಲು ಪುರಸೊತ್ತಿರಲಿಲ್ಲ.