ಏನೂ ಹೊರದ ಕಂಬ

ವಾರ್ನಿಷ್ ವಾಸನೆ ಬಂದರೆ ನನಗೆ ಪ್ಯಾರಿಸ್ ನೆನಪಾಗುತ್ತದೆ. ಹಾಗಂತ ನಾನು ಪ್ಯಾರಿಸ್ಸಿಗೆ ಹೋದವನಲ್ಲ. ಇವತ್ತು ಬೆಳಿಗ್ಗೆ ಪಕ್ಕದ ಮನೆಯಾತ ಗ್ಯಾರೇಜಿನ ಬಾಗಿಲು ತೆರೆದಿಟ್ಟುಕೊಂಡು ಯಾವುದೋ ಹಳೇ ಮೇಜಿಗೆ ವಾರ್ನಿಷ್ ಬಳಿಯುತ್ತಿದ್ದಾನೆ. ಆ ಘಾಟು ಕಿಟಕಿಯಿಂದ ಒಳಗೆ ಬಂದದ್ದೇ ತಡ, ಲಾಸ್ ಏಂಜಲೀಸ್‌ನ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿರುವ ನಮ್ಮ ಮನೆಯ ಹಾಲಿನಲ್ಲಿ ಕಾಫಿ ಕುಡಿಯುತ್ತ ಕೂತಿದ್ದ ನನ್ನ ಕಣ್ಣ ಮುಂದೆ ಐಫೆಲ್ ಗೋಪುರ ನಾಲ್ಕು ಕಾಲು ಚಾಚಿ ನಿಂತಿತು. ಅದರ ಪಕ್ಕದಲ್ಲಿ ನನ್ನ ಹೆಂಡತಿಯ ಸೋದರತ್ತೆ, ತಲೆಗೂದಲಿಗೆಲ್ಲ ಅಟ್ಟದ ಧೂಳು ಮೆತ್ತಿಕೊಂಡು. ಇವೆಲ್ಲ ಒಂದಕ್ಕೊಂದು ಎಲ್ಲಿ ಗಂಟುಬಿದ್ದವು ಎಂದು ನೀವು ಕೇಳಬಹುದು. ಹೇಳುತ್ತೇನೆ. ಆದರೆ ನನ್ನ ಪುಕ್ಕಲುತನದಿಂದಲೇ ಶುರು ಮಾಡಬೇಕಾಗುತ್ತದೆ.

ನಾನು ಹುಟ್ಟು ಹೆದರುಪುಕ್ಕ. ಬೆಂಗಳೂರಿನ ಮನೆಯಲ್ಲಿ ಚಿಕ್ಕವನಿದ್ದಾಗ ಫ್ಯಾನಿನ ನೇರ ಕೆಳಗೆ ಮಲಗುತ್ತಿರಲಿಲ್ಲ. ಎಂಥ ಸೆಕೆಯಿದ್ದರೂ ಹಾಸಿಗೆಯನ್ನು ಗೋಡೆಗೆ ಎಳೆದುಕೊಳ್ಳುತ್ತಿದ್ದೆ. "ಬೀಳೋದಿದ್ರೆ ನಿಮ್ಮಪ್ಪನ ಮೇಲೆ ಯಾವತ್ತೋ ಬೀಳ್ತಿತ್ತು, ಸುಮ್ನೆ ಮಲಗೋ" ಎಂದು ಅಮ್ಮ ಗದರುತ್ತಿದ್ದರು. ಅಪ್ಪ ಮಾತ್ರ ಆ ಮಾತು ಕೇಳಿದ ಮೇಲೆ ಒಮ್ಮೆ ಮೇಲಕ್ಕೆ ನೋಡಿಕೊಳ್ಳುತ್ತಿದ್ದರು. ಇಂಥವನು ದೊಡ್ಡವನಾಗಿ, ಹೆದರುವವರ ಮೇಲೆ ಹಾವು ಬಿಟ್ಟ ಹಾಗೆ, ಭೂಕಂಪಕ್ಕೆ ನೆಲವೇ ಅಲುಗಾಡುವ ಊರಿಗೆ ಬಂದು ಮನೆ ಕೊಂಡ.

ಆ ಮನೆಯನ್ನು ಕೊಂಡದ್ದು ನನ್ನ ಹೆಂಡತಿ ವಿನುತಾಳ ಇಷ್ಟಕ್ಕೆ. ಹಿಂದಿನ ಮಾಲೀಕ ಅಡುಗೆಮನೆಗೂ ಹಾಲಿಗೂ ನಡುವೆ ಇದ್ದ ಗೋಡೆಯನ್ನು ಕೆಡವಿ ಎರಡನ್ನೂ ಒಂದು ಮಾಡಿದ್ದ. ಅದಕ್ಕೆ ಮೊದಲು ನಾವಿದ್ದ ಅಪಾರ್ಟ್‌ಮೆಂಟಿನಲ್ಲಿ ಅಡುಗೆಮನೆ ಎಂದರೆ ಒಂದು ಗೂಡು. ಮನೆಗೆ ಜನ ಬಂದರೆ ವಿನುತಾ ಅಲ್ಲಿ ಗೋಡೆಗೆ ಮುಖ ಮಾಡಿಕೊಂಡು ಚಪಾತಿ ಬೇಯಿಸುತ್ತಿದ್ದಳು, ನಾವು ಈಚೆ ನಗುತ್ತಿದ್ದೆವು. "ಎಲ್ಲಾರೂ ನಕ್ಕು ಮುಗಿದ ಮ್ಯಾಲೆ, ಯಾಕ ನಕ್ರಿ ಅಂತ ಕೇಳಿ ತಿಳ್ಕೊಳ್ಳೂದು ಸಾಕಾಗ್ಯದ ನನಗ" ಎಂದು ಒಮ್ಮೆ ಹೇಳಿದ್ದಳು. ಅವಳು ಧಾರವಾಡದವಳು, ನಗುವ ಜಾಗದಲ್ಲಿ ತಾನೂ ಇರಬೇಕು. ಈ ಮನೆಯನ್ನು ನೋಡಲು ಬಂದ ದಿನ ಒಲೆಯ ಹತ್ತಿರ ನಿಂತು, ಹಾಲಿನ ಆ ತುದಿಯಲ್ಲಿದ್ದ ನನಗೆ ಕೈ ಬೀಸಿದಳು. ಆಗಲೇ ವ್ಯಾಪಾರ ಕುದುರಿತು ಎನ್ನಿ.

ಎಲ್ಲರೂ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಕೋವಿಡ್‌ನ ಮೊದಲ ವರ್ಷ ಅದು. ಒಂದು ಬೆಳಿಗ್ಗೆ ಹಾಲಿನ ನಡುವೆ ಮೇಜು ಹಾಕಿಕೊಂಡು ಮೀಟಿಂಗ್‌ನಲ್ಲಿದ್ದೆ. ಯಾರೋ ಮನೆಯನ್ನು ಎರಡೂ ಕೈಯಲ್ಲಿ ಹಿಡಿದು ಮೊರದಲ್ಲಿ ಅಕ್ಕಿ ಕೇರುವಂತೆ ಕೇರಿದರು. ಪಾತ್ರೆಗಳು ಗಲಗಲ ಎಂದವು. ಪರದೆಯ ಮೇಲೆ ಲಾಸ್ ಏಂಜಲೀಸ್‌ನವರೆಲ್ಲ ಒಬ್ಬೊಬ್ಬರಾಗಿ ಮೇಜಿನಡಿಗೆ ಮಾಯವಾದರು. ಖಾಲಿ ಕುರ್ಚಿಗಳನ್ನು ನೋಡುತ್ತ ಬೆಂಗಳೂರಿನ ಇಬ್ಬರು "ಕೇಳಿಸ್ತಿದೆಯಾ? ನೆಟ್‌ವರ್ಕ್ ಹೋಯ್ತಾ?" ಎನ್ನುತ್ತಲೇ ಇದ್ದರು. ನನಗೆ ಮೇಜಿನಡಿಗೆ ಹೋಗುವುದೂ ತೋಚಲಿಲ್ಲ. ಕತ್ತೆತ್ತಿ ಛಾವಣಿಯನ್ನೇ ನೋಡುತ್ತ ಕೂತುಬಿಟ್ಟೆ. ಗೋಡೆಯಿಲ್ಲ, ಕಂಬವಿಲ್ಲ, ಇಷ್ಟಗಲದ ಛಾವಣಿ ಯಾವ ಆಧಾರದ ಮೇಲೆ ನಿಂತಿದೆ ಎಂದು ಮನೆ ಕೊಳ್ಳುವಾಗ ನನಗೆ ಕೇಳಬೇಕೆನಿಸಿರಲೇ ಇಲ್ಲ.

ಅಲುಗಾಟ ನಿಂತಿತು. ಒಂದು ಲೋಟ ಕೂಡ ಒಡೆದಿರಲಿಲ್ಲ. ಆದರೆ ಆವತ್ತಿನಿಂದ ನಾನು ಹಾಲನ್ನು ಅಡ್ಡ ದಾಟುವುದನ್ನು ಬಿಟ್ಟೆ. ಸೋಫಾದಿಂದ ಅಡುಗೆಮನೆಗೆ ಹೋಗಬೇಕೆಂದರೆ ಗೋಡೆಯ ಅಂಚು ಹಿಡಿದು ಪ್ರದಕ್ಷಿಣೆ ಬರುತ್ತಿದ್ದೆ. ಕೆಲಸದ ಮೇಜು ಹಿತ್ತಲಿಗೆ ಹೋಯಿತು. ಬಿಸಿಲು ಏರಿದಾಗ ಡ್ರೈವ್‌ವೇಯಲ್ಲಿ ನಿಲ್ಲಿಸಿದ್ದ ಕಾರೊಳಗೆ ಕೂತು ಕೋಡ್ ಬರೆದೆ. ವಿನುತಾ ನಗುತ್ತಿದ್ದಳು. "ಊಟ ಕಾರಿಗೇ ತರಲೇನು?" ಎನ್ನುತ್ತಿದ್ದಳು. ಮೊದಮೊದಲು ನಾನೂ ನಗುತ್ತಿದ್ದೆ. ಆಮೇಲೆ ನನಗೆ ನಗು ಬರುವುದು ನಿಂತಿತು. ನಿದ್ದೆಯೂ ಸರಿಯಾಗಿ ಬರುತ್ತಿರಲಿಲ್ಲ. ಕೊನೆಗೆ ಒಂದು ದಿನ, ಮನೆ ಮಾರಿ ಮತ್ತೆ ಅಪಾರ್ಟ್‌ಮೆಂಟಿಗೆ ಹೋಗೋಣ, ಇಲ್ಲವಾದರೆ ಆ ಗೋಡೆಯನ್ನಾದರೂ ತಿರುಗಿ ಕಟ್ಟಿಸೋಣ ಎಂದೆ. ವಿನುತಾ ಆಗ ನಗಲಿಲ್ಲ. ಒಲೆಯ ಹತ್ತಿರ ಹೋಗಿ ನಿಂತು, ಈ ಕಡೆ ಒಮ್ಮೆ ನೋಡಿ, "ನಿಮಗ ಹಂಗ ಅನಿಸಿದ್ರ ಮಾರೂಣು ಬಿಡ್ರಿ" ಎಂದಳು. ಜಗಳವಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮಾರುವ ಮುಂಚೆ ತಿಳಿದವರಿಗೆ ಒಮ್ಮೆ ಮನೆ ತೋರಿಸೋಣ ಎಂದು ಅವಳು ಕರೆಸಿದ್ದು ತನ್ನ ಸೋದರತ್ತೆಯನ್ನು. ಸುಶೀಲತ್ತೆ ಸ್ಯಾನ್ ಡಿಯೇಗೋದ ರಾಂಚೊ ಬರ್ನಾರ್ಡೊದಲ್ಲಿರುತ್ತಾರೆ. ಧಾರವಾಡದಲ್ಲಿ ಸಿವಿಲ್ ಓದುವ ಹುಡುಗಿಯರೇ ಇಲ್ಲದ ಕಾಲದಲ್ಲಿ ಓದಿ, ಇಲ್ಲಿಗೆ ಬಂದು ಸೇತುವೆ, ಕಟ್ಟಡಗಳ ಲೆಕ್ಕ ಹಾಕುತ್ತಲೇ ತಲೆ ನರೆತವರು. ನಾನೂ ಇಂಜಿನಿಯರೇ. ಆದರೆ ನಾನು ಮಾಡಿದ್ದು ಯಾವುದೂ ಇದುವರೆಗೆ ಬಿದ್ದಿಲ್ಲ, ಯಾಕೆಂದರೆ ಯಾವುದೂ ನಿಂತೇ ಇಲ್ಲ, ಎಲ್ಲ ಪರದೆಯೊಳಗೇ. ಅತ್ತೆ ಒಬ್ಬರೇ ಅಷ್ಟು ದೂರ ಡ್ರೈವ್ ಮಾಡಿಕೊಂಡು ಬಂದರು. ಮಾಸ್ಕು ತೆಗೆಯದೆ, ಚಹಾ ಬೇಡವೆಂದು, ಸೆರಗಿಲ್ಲದಿದ್ದರೂ ಸೆರಗು ಸಿಕ್ಕಿಸುವವರ ಹಾಗೆ ಸೊಂಟಕ್ಕೊಮ್ಮೆ ಕೈಯಿಟ್ಟುಕೊಂಡು ಏಣಿ ಹತ್ತಿ ಅಟ್ಟ ಸೇರಿದರು. ನಾನು ಕೆಳಗೆ ಏಣಿ ಹಿಡಿದಿದ್ದೆ, ಗೋಡೆಯ ಪಕ್ಕದಲ್ಲೇ.

ಇಳಿದು ಬಂದು ಕೈ ಕೊಡವಿಕೊಂಡು ಹೇಳಿದರು: "ಇದ್ದದ್ದು ಇದ್ದಂಗ ಹೇಳತೀನ್ರಿ ಅಳಿಯಂದ್ರ. ಗ್ವಾಡಿ ತಗದಾಂವ ಶ್ಯಾಣ್ಯಾ ಇದ್ದ. ಮ್ಯಾಲೆ ದೊಡ್ಡ ಉಕ್ಕಿನ ತೊಲಿ ಕೂಡಿಸ್ಯಾನ. ಆ ಕಡಿ ಈ ಕಡಿ ಎರಡೂ ಗ್ವಾಡ್ಯಾಗ ಭಾರ ಇಳಕೊಂಡು ನೆಲಾ ಮುಟ್ಟತದ. ಭಾರ ಅನ್ನೂದು ನೀರಿದ್ದಂಗ, ದಾರಿ ಮಾಡಿಕೊಟ್ರ ತನ್ನ ಪಾಡಿಗೆ ತಾ ಹರಕೊಂಡು ಹೋಗತದ. ನಿಮ್ಮ ಮನಿ ಗಟ್ಟಿ ಅದ."

ನನಗೆ ಅರ್ಥವಾಯಿತು. ಖಂಡಿತ ನಂಬಿದೆ. ಕೈ ಮುಗಿದೆ. ಆಮೇಲೆ ಊಟಕ್ಕೆ ಕರೆದಾಗ ತಟ್ಟೆ ಹಿಡಿದುಕೊಂಡು ಗೋಡೆಯ ಅಂಚಿನಲ್ಲೇ ಸುತ್ತಿ ಬಂದೆ. ಅತ್ತೆ ರೊಟ್ಟಿ ಮುರಿಯುತ್ತ ನನ್ನ ಆ ಯಾತ್ರೆಯನ್ನು ಪೂರ್ತಿ ನೋಡಿದರು. ವಿನುತಾ ತಲೆ ತಗ್ಗಿಸಿ ಬದನೆಕಾಯಿ ಬಡಿಸುತ್ತಿದ್ದಳು.

"ಅಳಿಯಂದ್ರ, ಪ್ಯಾರಿಸ್ಸಿನ ಕಬ್ಬಿಣದ ಗೋಪುರ ನೋಡೀರೇನು?" ಎಂದರು ಅತ್ತೆ.

"ಫೋಟೋದಲ್ಲಿ ನೋಡಿದ್ದೀನಿ."

"ಅದರ ಕಾಲಿನ ನಡುವ ದೊಡ್ಡ ದೊಡ್ಡ ಕಮಾನು ಕಾಣತಾವಲ್ಲ, ಅವು ಏನು ಹೊತ್ತಾವ ಹೇಳ್ರಿ?"

"ಇಡೀ ಗೋಪುರಾನ ಅವೇ ಹೊತ್ತಿರೋದಲ್ವಾ?"

"ಏನೂ ಹೊತ್ತಿಲ್ಲ. ಭಾರ ಎಲ್ಲಾ ನಾಲ್ಕು ಕಾಲಿನ ಮ್ಯಾಲೆ. ಕಮಾನು ಬರೇ ನೋಡಾಕ."

"ಮತ್ತೆ ಯಾಕೆ ಹಾಕಿದ್ರು?"

"ನಿಮ್ಮಂಥವರೂ ಅದರ ಕೆಳಗ ಅಡ್ಡಾಡಬೇಕಲ್ಲ" ಎಂದರು ಅತ್ತೆ, ಮತ್ತೊಂದು ತುತ್ತು ಬಾಯಿಗಿಟ್ಟುಕೊಳ್ಳುತ್ತ.

ವಿನುತಾ ಪಕ್ಕೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಬಹಳ ದಿನಗಳ ಮೇಲೆ ಆ ಹಾಲಿನಲ್ಲಿ ನಾನು ನಕ್ಕದ್ದು ಆಗಲೇ ಇರಬೇಕು. ಅತ್ತೆ ವಯಸ್ಸಿನಲ್ಲಿದ್ದಾಗ ಆ ಕಮಾನುಗಳನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲವಂತೆ. ಲೆಕ್ಕಕ್ಕೆ ಬಾರದ ಕಬ್ಬಿಣ, ದಂಡ ಎಂದು. ಯಾವುದೋ ಕೆಲಸದ ಮೇಲೆ ಪ್ಯಾರಿಸ್ಸಿಗೆ ಹೋದಾಗ, ಎಲ್ಲರೂ ಗೋಪುರದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರೆ, ಇವರು ಅದರ ಹೊಟ್ಟೆಯ ಕೆಳಗೆ ನೆಲದ ಮೇಲೆ ಅಂಗಾತ ಮಲಗಿ ಮೇಲಿನ ಜೋಡಣೆಯನ್ನು ನೋಡುತ್ತಿದ್ದರಂತೆ. ಅಲ್ಲಿನ ಕಾವಲಿನವನು ಯಾರೋ ತಲೆ ತಿರುಗಿ ಬಿದ್ದಿದ್ದಾರೆಂದು ನೀರು ಹಿಡಿದು ಓಡಿ ಬಂದನಂತೆ. ಹಾಗೆ ಮಲಗಿದ್ದಾಗಲೇ ಅವರ ಕಣ್ಣಿಗೆ ಒಂದು ಸಂಗತಿ ಬಿತ್ತು. ಸುತ್ತ ಓಡಾಡುವ ಜನರಲ್ಲಿ ಯಾರೂ ತಲೆಯೆತ್ತಿ, ಇದು ಬಿದ್ದರೇನು ಗತಿ ಎಂಬಂತೆ ನೋಡುತ್ತಿರಲಿಲ್ಲ. ಕಮಾನಿನ ಕೆಳಗೆ ಮನೆ ಬಾಗಿಲು ದಾಟುವಷ್ಟು ಸಲೀಸಾಗಿ ದಾಟುತ್ತಿದ್ದರು.

"ನಮ್ಮ ಕಡಿ ಲಗ್ನದಾಗ ಹಂದರಗಂಬ ನೆಡತಾರಲ್ರಿ," ಎಂದರು. "ಅರಿಷಿಣ ಹಚ್ಚಿ, ಹಾಲು ಹಾಕಿ. ಹಂದರದ ಭಾರ ಅದರ ಮ್ಯಾಲೆ ಎಷ್ಟರೆ ಇರತದ? ಆದ್ರೂ ಅದಿಲ್ಲಾರದ ಲಗ್ನ ಸುರುವಾಗಂಗಿಲ್ಲ. ಇಲ್ಲೊಂದು ಅಂಥಾದ್ದು ನಿಲ್ಲಸೂಣು."

ವಿನುತಾಳಿಗೆ ಅದು ಅಷ್ಟು ಹಿಡಿಸಲಿಲ್ಲ. "ಸುಳ್ಳು ಕಂಬ ಏನತ್ತಿ?" ಎಂದಳು.

"ಸುಳ್ಳು ಹೆಂಗಾಗತದ? ಏನೂ ಹೊರಂಗಿಲ್ಲ ಅಂತ ಮದಲ ಹೇಳಾಕತ್ತೀನಲ್ಲ."

ಮರದಂಗಡಿಯಿಂದ ಒಂದು ದಪ್ಪ ಕಂಬ ಬಂತು. ಅದಕ್ಕೆ ವಾರ್ನಿಷ್ ಹೊಡೆಯುವ ಕೆಲಸ ಗ್ಯಾರೇಜಿನಲ್ಲಿ ಅತ್ತೆಗೂ ನನಗೂ. ಅವರು ಬ್ರಷ್ಷು ಓಡಿಸುತ್ತ ಗೋಪುರದ ಕಥೆ ಹೇಳಿದರು, ನಾನು ಮೂಗು ಮುಚ್ಚಿಕೊಂಡು ಕೇಳಿದೆ. "ಅದರ ಕಾಲು ಯಾಕ ಹಂಗ ಬಾಗ್ಯಾವ ಗೊತ್ತೇನ್ರಿ? ಚೆಂದ ಕಾಣಲಿ ಅಂತ ಅಲ್ಲ. ಗಾಳಿ ನೂಕತದಲ್ಲ, ಆ ನೂಕೂದರ ಜೋರು ಕೆಳಗ ಬರಕೋತ ಬರಕೋತ ಹೆಚ್ಚಾಗತದ. ಅದು ಹೆಚ್ಚಾದಂಗ ಕಾಲು ಅಗಲ ಆಗ್ಯಾವ. ಆ ಗೆರಿ ಗಾಳಿನ ಬರದದ್ದು." ಹತ್ತಿರದಿಂದ ನೋಡಿದರೆ ಅದರಲ್ಲಿ ಕಬ್ಬಿಣಕ್ಕಿಂತ ಖಾಲಿಯೇ ಹೆಚ್ಚಂತೆ. ಜರಡಿಯ ಹಾಗೆ ಗಾಳಿಯನ್ನು ಬಿಟ್ಟುಕೊಡುತ್ತದಂತೆ. ಅಷ್ಟು ಎತ್ತರದ್ದು ನೆಲವನ್ನು ಒತ್ತುವುದು, ಕುರ್ಚಿಯ ಮೇಲೆ ಕೂತ ಮನುಷ್ಯ ಕುರ್ಚಿಯ ಕಾಲಿನಿಂದ ಒತ್ತುವಷ್ಟೇ ಅಂತೆ. ಬಿಸಿಲು ಬಿದ್ದ ಮೈ ಹಿಗ್ಗಿ ತುದಿ ಸೂರ್ಯನಿಗೆ ಬೆನ್ನು ಹಾಕಿ ತುಸು ವಾಲುತ್ತದೆ, ಸಂಜೆಗೆ ಮತ್ತೆ ನೆಟ್ಟಗಾಗುತ್ತದೆ ಎಂದಾಗ ನನ್ನ ಮುಖ ನೋಡಿ, "ಅದೇನು ಬೀಳಂಗಿಲ್ರಿ, ಹೆದರಬ್ಯಾಡ್ರಿ" ಎಂದು ಸೇರಿಸಿದರು.

ಕಂಬ ನಿಲ್ಲಿಸುವಾಗ ಅತ್ತೆ ಬಡಗಿಗೆ ಒಂದೇ ಒಂದು ಷರತ್ತು ಹಾಕಿದರು. ಅದು ಅಲುಗದ ಹಾಗೆ ಪಕ್ಕಗಳಿಂದ ಕಬ್ಬಿಣದ ಹಿಡಿಕೆ ಕೊಡಬೇಕು, ಆದರೆ ತಲೆ ಛಾವಣಿಗೆ ತಾಗಬಾರದು. ತಾಗಿದರೆ ಭಾರ ತನ್ನ ದಾರಿ ಬಿಟ್ಟು ಇದರ ಮೇಲೆ ಇಳಿಯುತ್ತದೆ, ಕೆಳಗೆ ಅದಕ್ಕೆ ತಕ್ಕ ಪಾಯವಿಲ್ಲ. ಹಾಗಾಗಿ ಮೇಲೆ ಒಂದು ಹಪ್ಪಳ ತೂರುವಷ್ಟು ಸಂದು ಉಳಿಯಿತು. ಮಾತಿಗೆ ಹೇಳಿದ್ದಲ್ಲ, ಅತ್ತೆ ನನ್ನನ್ನೇ ಏಣಿ ಹತ್ತಿಸಿ ಹಪ್ಪಳ ತೂರಿಸಿ ತೋರಿಸಿದರು. ಆಮೇಲೆ ಅದರ ಸುತ್ತ ಪಟ್ಟಿ ಹೊಡೆದು ಸಂದು ಕಾಣದಂತೆ ಮುಚ್ಚಿದರು. ವಿನುತಾ ಕಂಬದ ಬುಡಕ್ಕೆ ಅರಿಷಿಣ ಕುಂಕುಮ ಹಚ್ಚಿ, ಒಂದು ಲೋಟ ಹಾಲು ಸುರಿದಳು. ಹಾಲು ಕಾರ್ಪೆಟ್ಟಿಗೆ ಇಳಿದು ವಾರಗಟ್ಟಲೆ ಹುಳಿ ನಾತ ಬಂದದ್ದು ಬೇರೆ ಮಾತು.

ನೀವು ನಂಬುತ್ತೀರೋ ಇಲ್ಲವೋ, ಕಂಬ ಏನನ್ನೂ ಹೊತ್ತಿಲ್ಲ ಎಂದು ಕಣ್ಣಾರೆ ಕಂಡ ನಾನು ಮರುದಿನ ಹಾಲನ್ನು ಅಡ್ಡ ದಾಟಿದೆ. ಕಂಬದ ಹತ್ತಿರ ಬಂದಾಗ ಅಂಗೈಯಿಂದ ಅದನ್ನೊಮ್ಮೆ ಮುಟ್ಟಿದೆ, ಆಚೆ ಹೋದೆ. ಬುದ್ಧಿಗೆ ತೊಲೆ ಸಾಕಾಗಿತ್ತು. ಕೈಗೆ ಹಿಡಿಯಲು ಏನೋ ಬೇಕಿತ್ತು. ಮೇಜು ಒಳಗೆ ಬಂತು, ಮನೆ ಮಾರುವ ಮಾತು ಅಲ್ಲಿಗೇ ನಿಂತಿತು. ಒಂದು ದಿನ ವಿನುತಾ ಒಲೆಯ ಹತ್ತಿರದಿಂದ ಮತ್ತೆ ನನಗೆ ಕೈ ಬೀಸಿದಳು. ಹಾಲಿನ ನಟ್ಟನಡುವೆ ನಿಂತು ನಾನೂ ಬೀಸಿದೆ.

ಮುಂದಿನ ಬೇಸಿಗೆಯಲ್ಲಿ ನಾವು ಅತ್ತೆಯ ಮನೆಗೆ ಹೋದಾಗ ಅವರು ಡೆಲ್ ಮಾರ್‌ನ ಸಮುದ್ರದ ದಂಡೆಗೆ ಕರೆದುಕೊಂಡು ಹೋದರು. ಮುಷ್ಟಿ ತುಂಬ ಮರಳು ಹಿಡಿದು ಬೆರಳ ಸಂದಿನಿಂದ ಸಣ್ಣಗೆ ಬಿಡುತ್ತ, ಗೋಪುರದ ನಾಲ್ಕು ಕಾಲುಗಳನ್ನು ಮೇಲೆ ಕೂಡಿಸುವಾಗ ಹೀಗೇ ಮಾಡಿದರು ಎಂದರು. ವಾಲಿಕೊಂಡ ಕಾಲುಗಳಿಗೆ ಕೊಟ್ಟ ಆಧಾರದ ಕೆಳಗೆ ಮರಳು ತುಂಬಿದ ಪೆಟ್ಟಿಗೆಗಳು. ಮರಳನ್ನು ಬೇಕಾದಷ್ಟೇ ಹೊರಗೆ ಬಿಟ್ಟರೆ ಕಾಲು ಕೂದಲೆಳೆಯಷ್ಟು ಇಳಿದು, ಮೊಳೆ ಹೊಡೆಯುವ ತೂತಿಗೆ ತೂತು ಕೂಡುತ್ತಿತ್ತು. "ಆದ್ರ ಒಂದ ಕಾಲು ನೋಡಿಕೊಂಡ್ರ ಸಾಲಂಗಿಲ್ರಿ. ಬಾಜೂಕಿನದು ಹೆಂಗದ ಅಂತನೂ ನೋಡಬೇಕಾಗತದ" ಎಂದು ನನ್ನ ಕಡೆ ತಿರುಗಿದರು. ವಿನುತಾ ಆಗ ಅಲೆಯ ಅಂಚಿನಲ್ಲಿ ನಡೆಯುತ್ತಿದ್ದಳು. ಅತ್ತೆ ಗೋಪುರದ ಮಾತೇ ಆಡುತ್ತಿದ್ದಾರೆ ಎಂದುಕೊಂಡು ನಾನು ತಲೆಯಾಡಿಸಿದೆ.

ಹೋದ ತಿಂಗಳು ಒಂದು ಮಧ್ಯಾಹ್ನ ಮತ್ತೆ ಅಲುಗಿತು. ಮೊದಲಿನದಕ್ಕಿಂತ ಜೋರಾಗಿಯೇ. ನಾನು ಒಳಕೋಣೆಯಲ್ಲಿದ್ದೆ. ಮೇಜಿನಡಿಗೆ ಹೋಗಬೇಕೆಂಬುದು ಇಷ್ಟು ವರ್ಷಗಳಲ್ಲಿ ಬಾಯಿಪಾಠವಾಗಿದೆ, ಆದರೆ ಕಾಲು ನನ್ನ ಮಾತು ಕೇಳಲಿಲ್ಲ. ಓಡಿ ಬಂದು ಕಂಬವನ್ನು ತಬ್ಬಿಕೊಂಡೆ. ನನ್ನ ಕೈಗೆ ಸಿಕ್ಕಿದ್ದು ಮರವಲ್ಲ, ಇನ್ನೊಂದು ಕೈ. ಆ ಬದಿಯಿಂದ ವಿನುತಾ ಆಗಲೇ ಅದನ್ನು ತಬ್ಬಿ ನಿಂತಿದ್ದಳು. ಕಣ್ಣು ಮುಚ್ಚಿದ್ದಳು. ಹಿಟ್ಟು ಮೆತ್ತಿದ ಅವಳ ಬೆರಳುಗಳು ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದವು. ನೆಲ ಸುಮ್ಮನಾದ ಮೇಲೂ ಅವಳು ಬಿಡಲಿಲ್ಲ.

"ನಿನಗೂ ಭಯಾನಾ?" ಎಂದೆ.

"ಮದಲಿಂದನೂ" ಎಂದಳು.

"ಮತ್ತೆ ಆವಾಗೆಲ್ಲ ನಗ್ತಾ ಇದ್ದೆಯಲ್ಲ?"

"ಇಬ್ಬರೂ ಹೆದರಕೋತ ಕುಂತ್ರ ಹೆಂಗ್ರಿ?"

ಇಷ್ಟು ವರ್ಷ ನಾನು ಆ ನಗುವಿನ ಕೆಳಗೆ ಸಲೀಸಾಗಿ ಓಡಾಡಿಕೊಂಡಿದ್ದೆ, ಒಮ್ಮೆಯೂ ತಲೆಯೆತ್ತಿ ನೋಡಿರಲಿಲ್ಲ. ನನಗೆ ತುಂಬ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಅವಳ ಮೇಲೆ ಎಂದೂ ಇಲ್ಲದಷ್ಟು ಅಕ್ಕರೆ ಉಕ್ಕಿತು.

ಇದನ್ನು ಬರೆಯುತ್ತ ಕೂತಿರುವಾಗಲೇ, ಈಗೊಂದು ನಿಮಿಷದ ಹಿಂದೆ, ಕಪಾಟಿನ ಲೋಟಗಳು ಸಣ್ಣಗೆ ಕಿಣಿಕಿಣಿ ಎಂದವು. ಅಡುಗೆಮನೆಯಲ್ಲಿ ಸೌಟಿನ ಸದ್ದು ತಟ್ಟನೆ ನಿಂತಿತು. ನನ್ನ ಕಣ್ಣೂ ಕಂಬದ ಕಡೆ ಹೋಯಿತು. ಆದರೂ ಕೂತಲ್ಲಿಂದಲೇ, ಆದಷ್ಟು ಉದಾಸೀನದ ದನಿಯಲ್ಲಿ, "ಏನಿಲ್ಲ ಕಣೇ, ಯಾವುದೋ ಟ್ರಕ್ಕು ಹೋಯ್ತು" ಎಂದು ಕೂಗಿದೆ. ತುಸು ಹೊತ್ತಾದ ಮೇಲೆ ಸೌಟು ಮತ್ತೆ ಆಡತೊಡಗಿತು. ಅದು ಟ್ರಕ್ಕೇ ಹೌದೋ ಅಲ್ಲವೋ ನನಗೂ ಗೊತ್ತಿರಲಿಲ್ಲ.