ಒಪ್ಪಿಗೆ ಕೇಳದ ಚಿತ್ರ

ಸ್ಫಾಕ್ಸ್ ಪಟ್ಟಣದ ನಮ್ಮ ನೆರೆಯಾಕೆ ಝೊಹ್ರಾ ಮೀನಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಳು. ಮಗಳು ರಿಮ್ ಕಾಯಿಲೆ ಬಿದ್ದಾಗ ಮೊಂದೆರ್ ಎಂಬಾತನ ದತ್ತಿಸಂಸ್ಥೆ ಔಷಧಿ ಕೊಡಿಸಿತು. ಜೊತೆಗೆ, ಹೇಳದೆ ಕೇಳದೆ, ಹುಡುಗಿ ಅಳುತ್ತಿರುವ ಚಿತ್ರವನ್ನು ಬಸ್ಸುಗಳ ಮೇಲೆಲ್ಲ ಅಂಟಿಸಿತು. ಸಹಪಾಠಿಗಳು ‘ಭಿಕ್ಷೆಯ ರಿಮ್’ ಎಂದು ರೇಗಿಸಿದರು; ಅವಳು ಶಾಲೆಯನ್ನೇ ಬಿಟ್ಟಳು.

ಚಿತ್ರ ತೆಗೆಸಿ ಎಂದು ಝೊಹ್ರಾ ಬೇಡಿದಾಗ ಮೊಂದೆರ್ ನಕ್ಕ. “ಕಣ್ಣೀರು ಕಾಣದಿದ್ರೆ ಜೇಬು ಬಿಚ್ಚೋರು ಯಾರಮ್ಮಾ? ಔಷಧಿ ಇಸ್ಕೊಳ್ಳೋವಾಗ ಮಾನ ನೆನಪಾಗ್ಲಿಲ್ವಾ?”

ಆ ಮಾತು ಅವಳೆದೆಯಲ್ಲಿ ಕೆಂಡವಾಗಿ ಉಳಿಯಿತು. ಬೇರೊಂದು ಸಂಸ್ಥೆ ಸೇರಿ ದೇಣಿಗೆ ಎತ್ತುವ ಕೆಲಸ ಕಲಿತಳು. ವರ್ಷಗಳ ಮೇಲೆ ಆ ಕೆಲಸದವರ ಒಕ್ಕೂಟಕ್ಕೆ ಅಧ್ಯಕ್ಷೆಯಾದಳು. ಒಪ್ಪಿಗೆಯಿಲ್ಲದೆ ರೋಗಿಗಳ ಮುಖ ತೋರಿಸುವವರಿಗೆ ಒಕ್ಕೂಟದಲ್ಲಿ ಜಾಗವಿಲ್ಲ ಎಂದು ನಿಯಮ ತಂದಳು. ಒಕ್ಕೂಟದ ಹೊರಗಿನವರನ್ನು ದಾನಿಗಳು ಬಾಗಿಲಲ್ಲೇ ತಡೆಯತೊಡಗಿದರು.

ಹಳೇ ಚಾಳಿ ಬಿಡದ ಮೊಂದೆರ್ ಸದಸ್ಯತ್ವ ಕೇಳಿಕೊಂಡು ಬಂದ. ಅವಳ ಗುರುತೇ ಅವನಿಗೆ ಹತ್ತಲಿಲ್ಲ. ಅವಳು ಮಗಳ ಹೆಸರು ಹೇಳಿದಳು.

“ನೀವು ಬೇಡ ಅಂದ್ರೆ ಊರಲ್ಲಿ ನನ್ನ ಮಾನ ಹೋಗುತ್ತೆ, ತಾಯಿ.”

“ಹೋಗ್ಲಿ ಅಂತಾನೇ ಕಾದಿದ್ದೆ.”

ಅವನ ಸಂಸ್ಥೆ ಮುಚ್ಚಿತು. ಅಲ್ಲಿದ್ದ ರೋಗಿಗಳನ್ನೆಲ್ಲ ಝೊಹ್ರಾ ತನ್ನ ಸಂಸ್ಥೆಗೆ ಸೇರಿಸಿಕೊಂಡಳು. ಆದರೆ ಮದುವೆಮನೆಯಲ್ಲಿ ಎದುರಾದರೂ ಅವನ ಸಲಾಮಿಗೆ ಅವಳು ಇಂದಿಗೂ ಉತ್ತರ ಕೊಡುವುದಿಲ್ಲ.